ಹತ್ತು ವರ್ಷ ಬಾಳಿದ ಅನುದಾನ: ಡೀಪ್ ಕಾರ್ಬನ್ ಆಬ್ಸರ್ವೇಟರಿಗೆ ಐದಕ್ಕೆ ನಾಲ್ಕು ಅಂಕ

ಭೂಮಿಯ ಒಳಗಿನಿಂದ ಮೇಲೆ ಬರುವ ಅನಿಲಗಳ ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಅಳೆಯುವುದು ನನ್ನ ಕಸುಬು. ಹಾಗಾಗಿ ಯಾವುದೇ ಅನುದಾನ ಯೋಜನೆಯನ್ನು ನಾನು ನೋಡುವುದು ಬಳಕೆದಾರಳ ಕಣ್ಣಿನಿಂದ. ಹಣ ಎಷ್ಟು ವರ್ಷ ಬರುತ್ತದೆ, ಯಾವುದಕ್ಕೆ ಖರ್ಚು ಮಾಡಲು ಬಿಡುತ್ತಾರೆ, ಯಾರ ಕೈಗೆ ಸೇರುತ್ತದೆ? ಈ ಮೂರನ್ನೂ ಕೇಳಿ ನೋಡಿದರೆ, ಭೂಮಿಯ ಆಳದ ಇಂಗಾಲವನ್ನು ಅಧ್ಯಯನ ಮಾಡಿದ ಡೀಪ್ ಕಾರ್ಬನ್ ಆಬ್ಸರ್ವೇಟರಿಯಷ್ಟು ತಿಳಿದು ರೂಪಿಸಿದ ಯೋಜನೆಯನ್ನು ನನ್ನ ಕ್ಷೇತ್ರದಲ್ಲಿ ನಾನು ಕಂಡಿಲ್ಲ. ಅದು 2019ರಲ್ಲೇ ಮುಗಿದಿದೆ. ಆದರೂ ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ: 2023ರ ಕಾಯ್ದೆಯ ಮೂಲಕ ನಮ್ಮಲ್ಲೂ ಅನುಸಂಧಾನ ನ್ಯಾಷನಲ್ ರಿಸರ್ಚ್ ಫೌಂಡೇಶನ್ ಬಂದಿದೆ, ಸಂಶೋಧನೆಗೆ ಹಣ ಹೇಗೆ ಹಂಚಬೇಕೆಂಬ ಮಾತು ನಡೆಯುತ್ತಿದೆ. ಮೊದಲೇ ಹೇಳಿಬಿಡುತ್ತೇನೆ, ಆ ಯೋಜನೆಯಿಂದ ನನಗೆ ಒಂದು ರೂಪಾಯಿಯೂ ಬಂದಿಲ್ಲ. ಅದು ಬೆಳೆಸಿದವರ ಜೊತೆ ಕೆಲಸ ಮಾಡಿದ್ದೇನೆ, ಅವರ ದತ್ತಾಂಶವನ್ನು ಬಳಸುತ್ತೇನೆ, ಅಷ್ಟೆ.

ನಮ್ಮ ಕೆಲಸ ಯಾಕೆ ದುಬಾರಿ, ಯಾಕೆ ನಿಧಾನ ಎಂಬುದನ್ನು ಸ್ವಲ್ಪ ವಿವರಿಸಬೇಕು. ಗಾಳಿಯಲ್ಲಿ ಸುಮಾರು ಏಳು ಲಕ್ಷ ಹೀಲಿಯಂ-4 ಪರಮಾಣುಗಳಿಗೆ ಒಂದು ಹೀಲಿಯಂ-3 ಇರುತ್ತದೆ. ಸಾಗರದ ನಡುವಿನ ಕಡಲಡಿಯ ಪರ್ವತಸಾಲಿನಲ್ಲಿ, ಭೂಮಿಯ ಹೊರಚಿಪ್ಪಿನ ಕೆಳಗಿನ ಪದರವಾದ ಮ್ಯಾಂಟಲ್‌ನಿಂದ ಬರುವ ಅನಿಲದಲ್ಲಿ ಈ ಅನುಪಾತ ಗಾಳಿಗಿಂತ ಎಂಟು ಪಟ್ಟು ಹೆಚ್ಚು. ಯುರೇನಿಯಂ, ಥೋರಿಯಂ ಕ್ಷಯಿಸುತ್ತಾ ಹೀಲಿಯಂ-4 ತುಂಬಿಸಿದ ಹಳೆಯ ಖಂಡಗಳ ಶಿಲೆಯಲ್ಲಾದರೆ ಗಾಳಿಯದರ ಐವತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಂದು ಬಿಸಿನೀರಿನ ಬುಗ್ಗೆಯ ಗುಳ್ಳೆ ಎಲ್ಲಿಂದ ಹೊರಟಿತು ಎಂದು ಹೇಳುವುದು ಈ ಅಂಕಿಯೇ. ಆದರೆ ಗಾಜಿನೊಳಗಿಂದಲೂ ಹೀಲಿಯಂ ನುಸುಳಿಹೋಗುತ್ತದೆ. ಅದಕ್ಕೇ ತಾಮ್ರದ ಕೊಳವೆಯಲ್ಲಿ ಹಿಡಿದು, ಎರಡೂ ತುದಿಗಳನ್ನು ಕ್ಲ್ಯಾಂಪ್‌ನಿಂದ ಬಿಗಿದು ತರುತ್ತೇವೆ. ಉಳಿದ ಅನಿಲಗಳಿಗೆ ಗಿಗ್ಗೆನ್‌ಬಾಖ್ ಬಾಟಲಿ ಇದೆ: ಗಾಳಿ ತೆಗೆದು ಕಾಸ್ಟಿಕ್ ಸೋಡಾ ದ್ರಾವಣ ಹಾಕಿದ ಗಾಜಿನ ಪಾತ್ರೆ. ಕಾರ್ಬನ್ ಡೈಆಕ್ಸೈಡ್ ದ್ರಾವಣದಲ್ಲಿ ಕರಗಿಹೋಗಿ, ಅಪರೂಪದ ಅನಿಲಗಳು ಮೇಲೆ ಸಾಂದ್ರವಾಗಿ ಉಳಿಯುತ್ತವೆ.

ಅಲ್ಲಿಂದ ಮುಂದೆ ಮಾಸ್ ಸ್ಪೆಕ್ಟ್ರೋಮೀಟರ್, ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಅಳೆಯುವ ಯಂತ್ರ. ಅದರೊಳಗಿನ ನಿರ್ವಾತ ಒಮ್ಮೆ ಕೆಟ್ಟರೆ ಉಕ್ಕಿನ ಕೊಳವೆಗಳನ್ನೆಲ್ಲ ದಿನಗಟ್ಟಲೆ ಕಾಯಿಸಿ ಮತ್ತೆ ಶುದ್ಧ ಮಾಡಬೇಕು. ನಾನು ಹಿಂದೆ ಅನುದಾನ ಪಡೆದಿದ್ದ ಒಂದು ಸಂಸ್ಥೆ ಯಂತ್ರಕ್ಕೆ ಹಣ ಕೊಟ್ಟಿತು. ಯುಪಿಎಸ್ ಬ್ಯಾಟರಿ ಬದಲಿಸಲು ಕೊಡಲಿಲ್ಲ, ತಂತ್ರಜ್ಞನ ಸಂಬಳವನ್ನು ಮೂರನೇ ವರ್ಷ ನಿಲ್ಲಿಸಿತು. ಯಂತ್ರವನ್ನು ಬಲ್ಲ ಹುಡುಗ ಬೇರೆ ಊರಿಗೆ ಹೋದ. ಹೊಸಬನಿಗೆ ಕಲಿಸುವಷ್ಟರಲ್ಲಿ ಯೋಜನೆಯ ಅವಧಿಯೇ ಮುಗಿಯಿತು. ಈ ನಷ್ಟ ಯಾವ ಬಳಕೆ ಪ್ರಮಾಣಪತ್ರದಲ್ಲೂ ಕಾಣುವುದಿಲ್ಲ.

ಡೀಪ್ ಕಾರ್ಬನ್ ಆಬ್ಸರ್ವೇಟರಿಗೆ ಹಣ ಕೊಟ್ಟ ಅಮೆರಿಕದ ದತ್ತಿ ಸಂಸ್ಥೆ ಸ್ಲೋನ್ ಫೌಂಡೇಶನ್ ಬೇರೆ ದಾರಿ ಹಿಡಿಯಿತು. 2009ರಲ್ಲಿ ಆರಂಭಿಸುವಾಗಲೇ ಹತ್ತು ವರ್ಷ ಎಂದು ಘೋಷಿಸಿತು. ಒಟ್ಟು 5 ಕೋಟಿ ಡಾಲರ್. ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆಯಲ್ಲಿ ಕಚೇರಿ, ರಾಬರ್ಟ್ ಹೇಜನ್ ಮುಂದಾಳು. ವಿಶ್ವದಾದ್ಯಂತ ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳು ಸೇರಿದ ಕೆಲಸಕ್ಕೆ ಇದು ದೊಡ್ಡ ಮೊತ್ತವೇನಲ್ಲ. ಅವರು ಅದನ್ನು ಹೆಪ್ಪಿನಂತೆ ಬಳಸಿದರು. ಹಾಲನ್ನು ಬೇರೆ ಬೇರೆ ದೇಶಗಳ ಸರ್ಕಾರಗಳು, ವಿಶ್ವವಿದ್ಯಾಲಯಗಳು ತಂದವು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ 'ಪನೋರಮಾ' ಎಂಬ ಬೃಹತ್ ಮಾಸ್ ಸ್ಪೆಕ್ಟ್ರೋಮೀಟರ್ ಹುಟ್ಟಿದ್ದು ಹೀಗೆಯೇ, ಹಲವು ಮೂಲಗಳ ಹಣ ಕೂಡಿ. ಒಂದೇ ಮೀಥೇನ್ ಅಣುವಿನಲ್ಲಿ ಎರಡು ಭಾರದ ಹೈಡ್ರೋಜನ್ ಇರುವುದನ್ನೂ ಅದು ಗುರುತಿಸುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಿರಿಯರಿಗೆ ಕೊಟ್ಟ ಸ್ವಾತಂತ್ರ್ಯ. ಕಿರಿಯ ಸಂಶೋಧಕರಿಗಾಗಿಯೇ ಅಜೋರ್ಸ್, ಎಟ್ನಾ ಮುಂತಾದ ಕಡೆ ಕಾರ್ಯಾಗಾರ ನಡೆಸಿದರು. ಸೂಕ್ಷ್ಮಜೀವಿಗಳನ್ನು ಓದಿದವರು, ಅನಿಲ ರಸಾಯನ ಓದಿದವರು, ಜ್ವಾಲಾಮುಖಿಯ ಬಾಯಿಯಲ್ಲೇ ಬದುಕುವವರು ಒಬ್ಬರನ್ನೊಬ್ಬರು ಕಂಡದ್ದು ಇಂಥ ಕೂಟಗಳಲ್ಲಿ. ಇಂಥವರ ತಂಡವೊಂದು 2017ರ ಫೆಬ್ರವರಿಯಲ್ಲಿ ಕೋಸ್ಟರಿಕಾದ ಬುಗ್ಗೆಗಳನ್ನು ಸುತ್ತಿ, ಒಂದೇ ಜಾಗದಲ್ಲಿ ಅನಿಲ, ನೀರು, ಕೆಸರು, ಸೂಕ್ಷ್ಮಜೀವಿ ಎಲ್ಲವನ್ನೂ ಸಂಗ್ರಹಿಸಿತು. 2019ರಲ್ಲಿ 'ನೇಚರ್'ನಲ್ಲಿ ಬಂದ ಫಲಿತಾಂಶ ನೋಡಿ. ಅಲ್ಲಿ ಜ್ವಾಲಾಮುಖಿ ಸಾಲಿಗೂ ಕಡಲಿಗೂ ನಡುವಿನ ನೆಲದಡಿ ಬಿಡುಗಡೆಯಾಗುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸುಮಾರು ಶೇ 91ರಷ್ಟು ಕ್ಯಾಲ್ಸೈಟ್ ಎಂಬ ಖನಿಜವಾಗಿ ಶಿಲೆಯಲ್ಲೇ ಕೂರುತ್ತದೆ. ಇನ್ನೊಂದು ಶೇ 3ನ್ನು ಜೀವಿಗಳು ಹೀರಿಕೊಳ್ಳುತ್ತವೆ. ಹಾಗಾಗಿ ಕೆಳಕ್ಕೆ ಜಾರುವ ಸಾಗರತಳದ ಜೊತೆ ಆಳದ ಮ್ಯಾಂಟಲ್‌ಗೆ ಹೋಗುವ ಇಂಗಾಲ ಹಿಂದಿನ ಅಂದಾಜಿಗಿಂತ ಶೇ 19ರವರೆಗೂ ಕಡಿಮೆ ಇರಬಹುದು. ಇದನ್ನು ಬಿಡಿಸಿ ತೋರಿಸಿದ್ದು ಇಂಗಾಲ ಮತ್ತು ಹೀಲಿಯಂ ಐಸೋಟೋಪುಗಳು. ಒಬ್ಬ ಪ್ರಧಾನ ಸಂಶೋಧಕ, ಒಂದು ವಿಷಯ, ಒಂದು ಪ್ರಯೋಗಾಲಯ ಎಂಬ ಅರ್ಜಿ ನಮೂನೆಯಲ್ಲಿ ಇಂಥ ಕೆಲಸವನ್ನು ಬರೆಯಲು ಜಾಗವೇ ಇರುವುದಿಲ್ಲ.

ಒಂದು ಅಂಕ ಕಳೆದದ್ದು ಕಾಲಮಿತಿಗಾಗಿ. ಯೋಜನೆಯ ಡೆಕೇಡ್ ವಿಭಾಗ ಜ್ವಾಲಾಮುಖಿಗಳ ಮೇಲೆ ಅನಿಲಮಾಪಕಗಳನ್ನಿಟ್ಟು ನಿರಂತರ ಅಳತೆಗೆ ಅಡಿಪಾಯ ಹಾಕಿತು. ಕಾರ್ಬನ್ ಡೈಆಕ್ಸೈಡ್ ಶಿಲಾಪಾಕದಲ್ಲಿ (ಕರಗಿದ ಶಿಲೆಯಲ್ಲಿ) ಹೆಚ್ಚು ಕರಗದು, ಆಳದಲ್ಲೇ ಬೇರ್ಪಟ್ಟು ಗಂಧಕದ ಅನಿಲಕ್ಕಿಂತ ಮೊದಲು ಮೇಲೆ ಬರುತ್ತದೆ. ಇವೆರಡರ ಅನುಪಾತ ಏರಿದರೆ ಕೆಳಗೆ ಹೊಸ ಶಿಲಾಪಾಕ ಬಂದಿರಬಹುದು. ಕೋಸ್ಟರಿಕಾದ ತುರ್ರಿಯಾಲ್ಬಾದಲ್ಲಿ ಸ್ಫೋಟಕ್ಕೆ ವಾರಗಳ ಮೊದಲೇ ಈ ಸೂಚನೆ ಕಂಡಿತ್ತು. ಆದರೆ ಆಮ್ಲದ ಹೊಗೆಯಲ್ಲಿ ಸಂವೇದಕಗಳು ಬೇಗ ಸವೆಯುತ್ತವೆ. ಅವನ್ನು ಬದಲಿಸುವ ಕೆಲಸಕ್ಕೆ ಕೊನೆಯ ವರ್ಷ ಎಂಬುದಿಲ್ಲ. ಹೀಗೆ ಇಟ್ಟ ಉಪಕರಣಗಳ ಪಾಲನೆಗೆಂದು ಪ್ರತ್ಯೇಕ ನಿಧಿಯೊಂದನ್ನು ಆರಂಭದಲ್ಲೇ ತೆಗೆದಿಡುವುದು ಇಂಥ ಯೋಜನೆಗಳ ಮೊದಲ ಷರತ್ತಾಗಬೇಕು.

ನಮಗೂ ಇದು ದೂರದ ಮಾತಲ್ಲ. ಈ ಯೋಜನೆಯ ಮುಂಚೂಣಿಯಲ್ಲಿದ್ದ ಬಾರ್ಬರಾ ಶೆರ್ವುಡ್ ಲಾಲರ್ ಮತ್ತು ಸಂಗಡಿಗರು ಕೆನಡಾದ ಕಿಡ್ ಕ್ರೀಕ್ ಗಣಿಯಲ್ಲಿ 2.4 ಕಿಲೋಮೀಟರ್ ಆಳದ ನೀರಿನ ಜಡಾನಿಲಗಳನ್ನು ಅಳೆದು, ಅದು ಸುಮಾರು 150 ಕೋಟಿ ವರ್ಷ ಹಳೆಯದೆಂದು 2013ರಲ್ಲಿ ತೋರಿಸಿದರು. ಕಿಡ್ ಕ್ರೀಕ್‌ನಂತೆಯೇ ಸುಮಾರು 270 ಕೋಟಿ ವರ್ಷದ ಶಿಲೆ ಕೋಲಾರದಲ್ಲೂ ಇದೆ, ಮೂರು ಕಿಲೋಮೀಟರ್‌ಗೂ ಆಳದ ಗಣಿ ಇತ್ತು. 2001ರಲ್ಲಿ ಅದನ್ನು ಮುಚ್ಚಿದ ಮೇಲೆ ಸುರಂಗಗಳಲ್ಲಿ ನೀರು ತುಂಬಿದೆ. ಅಂಥ ಮಾದರಿಯನ್ನು ಅಲ್ಲಿಂದ ಈಗ ತರುವುದು ಬಹಳ ಕಷ್ಟ. ಪುತ್ತೂರಿನ ಇರ್ದೆಯ ಬೆಂದ್ರುತೀರ್ಥ ಎಂಬ ಬಿಸಿನೀರಿನ ಬುಗ್ಗೆ ಮಾತ್ರ ಇನ್ನೂ ತೆರೆದಿದೆ, ಬಸ್ಸಿನಲ್ಲಿ ಹೋಗಿ ಬರಬಹುದು.

ಈ ವರ್ಷ ಪ್ರಸ್ತಾವನೆ ಬರೆಯುತ್ತಿರುವ ಕಿರಿಯರಿಗೆ ನನ್ನ ಸಲಹೆ: ಯಂತ್ರದ ಬೆಲೆಗಿಂತ ಮೊದಲು ತಂತ್ರಜ್ಞನ ಐದು ವರ್ಷದ ಸಂಬಳವನ್ನು ಬರೆಯಿರಿ, ನಂತರ ಯುಪಿಎಸ್, ನಂತರ ದ್ರವ ಸಾರಜನಕ. ಪರಿಶೀಲನಾ ಸಮಿತಿ ಅದನ್ನು ಹೊಡೆದುಹಾಕಿದರೆ ಕಾರಣವನ್ನು ಲಿಖಿತವಾಗಿ ಕೇಳಿ.