ವಿಪತ್ತಿನಲ್ಲಿ ಡಾಕ್ಟರ್ ಸೇವೆ: ಜಿಲ್ಲಾಡಳಿತದ ಜೊತೆಗೋ, ಸ್ವಂತವಾಗಿಯೋ?

2024ರ ವಯನಾಡಿನಂಥ ಭೂಕುಸಿತ ಆದಾಗ ಚಿಕಿತ್ಸೆ ಕೊಡಲು ಮೈಸೂರಿನಿಂದ ಹೊರಟಿದ್ದೀರಿ ಅಂದುಕೊಳ್ಳಿ. ಅಲ್ಲಿನ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಪರವಾಗಿ ದುಡಿದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 73ನೇ ಸೆಕ್ಷನ್ ಬೆನ್ನಿಗಿರುತ್ತದೆ. ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಕೇಸು ಹಾಕುವಂತಿಲ್ಲ. ಆದರೆ ಪ್ರಾಧಿಕಾರವೇ ಕೆಲಸ ಕೊಟ್ಟಿತ್ತು ಅನ್ನೋದಕ್ಕೆ ಸಾಕ್ಷಿ ಬೇಕಲ್ವಾ? ಹೆಸರು, ಕೆಲಸ, ದಿನಾಂಕ ಇರುವ ಆದೇಶದ ಪ್ರತಿ ಜೇಬಿನಲ್ಲಿರಲಿ.

ಸ್ವಂತವಾಗಿ ಹೋದರೆ ಬೇಗ ತಲುಪಬಹುದು, ರಕ್ಷಣೆ ಮಾತ್ರ ತೆಳು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಸೆಕ್ಷನ್ ನೆರವಿಗೆ ಬಂದವರಿಗೆ ರಕ್ಷಣೆ ಕೊಡುತ್ತದೆ, ಅದೂ ವಾಹನ ಅಪಘಾತದಲ್ಲಷ್ಟೇ. ಪ್ರಜ್ಞೆ ತಪ್ಪಿದವರಿಗೆ ಒಪ್ಪಿಗೆ ಕೇಳದೆ ಚಿಕಿತ್ಸೆ ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 30ನೇ ಸೆಕ್ಷನ್ ಕಾಪಾಡುತ್ತದೆ. ಅದು ಕ್ರಿಮಿನಲ್ ಕೇಸಿಗೆ ಮಾತ್ರ, ಸಿವಿಲ್ ದಾವೆಗಲ್ಲ.

ನನ್ನನ್ನು ಕೇಳಿದರೆ, ಹೆಸರು ನೋಂದಾಯಿಸಿಯೇ ಕೆಲಸಕ್ಕಿಳಿಯಿರಿ. ನಿಮ್ಮ ಇಂಡೆಮ್ನಿಟಿ ಪಾಲಿಸಿ (ಚಿಕಿತ್ಸೆಯಲ್ಲಿ ತಪ್ಪಾಯಿತೆಂದು ಪರಿಹಾರ ಕೇಳಿದಾಗ ನೆರವಾಗುವ ವಿಮೆ) ಆಸ್ಪತ್ರೆಯ ಹೊರಗಿನ ಉಚಿತ ಸೇವೆಗೂ ಅನ್ವಯಿಸುತ್ತದೆಯೇ ಅಂತ ಹೊರಡುವ ಮೊದಲೇ ವಿಮಾ ಕಂಪನಿಯಲ್ಲಿ ವಿಚಾರಿಸಿ.