ಅಮೆರಿಕ, ಯುರೋಪ್ ಇತಿಹಾಸದ ಕ್ವಿಜ್ ಆಪ್: ಎರಡು ವರ್ಷ ಬಳಸಿದ ಮೇಲೆ

ಈ ಆಪ್ ಹಾಕಿಕೊಂಡು ಎರಡು ವರ್ಷ ಆಯ್ತು. ದಿನಾ ರಾತ್ರಿ ಊಟ ಆದ ಮೇಲೆ ಇಪ್ಪತ್ತು ಪ್ರಶ್ನೆ ಮಾಡುತ್ತೇನೆ. ಶುರುವಿನಲ್ಲಿ ನಾಲ್ಕು ಆಯ್ಕೆ ಕೊಡುವ ಪ್ರಶ್ನೆಗಳನ್ನೇ ಮಾಡುತ್ತಿದ್ದೆ, ಇಪ್ಪತ್ತಕ್ಕೆ ಹದಿನೆಂಟು ಸರಿ ಬರುತ್ತಿತ್ತು. ವೆಸ್ಟ್‌ಫೇಲಿಯಾ ಒಪ್ಪಂದ ಅಂದ ಕೂಡಲೇ ಬೆರಳು 1648ರ ಮೇಲೆ ಹೋಗುತ್ತಿತ್ತು. ಒಂದು ದಿನ ಮಗಳು ಪಕ್ಕದಲ್ಲಿ ಕೂತು, ಅದರಿಂದ ಯಾವ ಯುದ್ಧ ನಿಂತಿತು ಅಂತ ಕೇಳಿದಳು. ಮೂವತ್ತು ವರ್ಷಗಳ ಯುದ್ಧ ಅನ್ನೋದು ನನಗೆ ಹೊಳೆಯಲೇ ಇಲ್ಲ.

ಅವತ್ತೇ ಸೆಟ್ಟಿಂಗ್ಸ್‌ಗೆ ಹೋಗಿ ಆಯ್ಕೆಗಳನ್ನು ಮರೆಮಾಡಿದೆ. ಈಗ ಉತ್ತರ ನಾವೇ ಟೈಪ್ ಮಾಡಬೇಕು. ಮೊದಲ ವಾರ ಅರ್ಧಕ್ಕರ್ಧ ತಪ್ಪು. ಆದರೆ ಆಪ್‌ನ ನಿಜವಾದ ಬೆಲೆ ಗೊತ್ತಾಗಿದ್ದೇ ಆಗ. ಫ್ರಾನ್ಸ್‌ನ ರಾಜತಾಂತ್ರಿಕ ಟ್ಯಾಲಿರಾಂಡ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಒಪ್ಪಿಕೊಳ್ಳುತ್ತದೆ, ಅದು ತುಂಬಾ ಒಳ್ಳೆಯದು.

ನನಗೆ ಜಾಸ್ತಿ ಇಷ್ಟವಾದದ್ದು ಘಟನೆಗಳನ್ನು ಕ್ರಮವಾಗಿ ಜೋಡಿಸುವ ಸುತ್ತು. ಒಮ್ಮೆ ಲಿಂಕನ್ ಕಾಲದ ಕಾರ್ಡ್‌ಗಳು ಬಂದವು. 1863ರ ಜನವರಿಯ ವಿಮೋಚನಾ ಘೋಷಣೆ ಆದ ಕೂಡಲೇ ಗುಲಾಮಗಿರಿ ಮುಗಿಯಿತು ಅಂದುಕೊಂಡು ಗುಲಾಮಗಿರಿ ರದ್ದು ಮಾಡಿದ ಸಂವಿಧಾನದ 13ನೇ ತಿದ್ದುಪಡಿಯನ್ನು ಅದರ ಪಕ್ಕದಲ್ಲೇ ಇಟ್ಟೆ. ತಪ್ಪು. ಆ ಘೋಷಣೆ ದಂಗೆ ಎದ್ದ ರಾಜ್ಯಗಳಿಗೆ ಮಾತ್ರ ಅನ್ವಯ ಆಗಿತ್ತು, ಒಕ್ಕೂಟದಲ್ಲೇ ಉಳಿದಿದ್ದ ಕೆಂಟಕಿ, ಡೆಲಾವೇರ್‌ನಲ್ಲಿ 1865ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಜಾರಿಗೆ ಬರುವವರೆಗೂ ಗುಲಾಮಗಿರಿ ಇತ್ತು ಅಂತ ಕೆಳಗೆ ನಾಲ್ಕು ಸಾಲಿನಲ್ಲಿ ಬರೆದಿದ್ದರು. ಸುಮ್ನೆ ಇಸವಿ ಕೇಳಿದ್ದರೆ ಈ ತಪ್ಪು ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ, ಅಲ್ವಾ?

ಕೊರತೆಗಳೂ ಇವೆ. ಯುರೋಪ್ ಅಂದರೆ ಇಲ್ಲಿ ಹೆಚ್ಚಾಗಿ ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ. ಪೋಲೆಂಡನ್ನು ನೆರೆಯವರು 1772, 1793, 1795ರಲ್ಲಿ ಹಂಚಿಕೊಂಡು ನಕ್ಷೆಯಿಂದಲೇ ಅಳಿಸಿಬಿಟ್ಟರು, ಅಂಥ ದೊಡ್ಡ ವಿಷಯಕ್ಕೆ ಎರಡೇ ಪ್ರಶ್ನೆ! ಅಕ್ಟೋಬರ್ ಕ್ರಾಂತಿಗೆ ನವೆಂಬರ್ 7 ಅಂತ ಬರೆದರೆ ತಪ್ಪು ಅನ್ನುತ್ತದೆ. ರಷ್ಯಾದ ಹಳೇ ಕ್ಯಾಲೆಂಡರ್ 13 ದಿನ ಹಿಂದಿತ್ತು, ಅಕ್ಟೋಬರ್ 25 ಮತ್ತು ನವೆಂಬರ್ 7 ಎರಡೂ ಒಂದೇ ದಿನ. ಎರಡು ಸಲ ಬರೆದು ತಿಳಿಸಿದೆ, ಇನ್ನೂ ಸರಿ ಮಾಡಿಲ್ಲ.

ಪ್ರತಿ ಕಾರ್ಡ್ ಹಿಂದೆ ನಮ್ಮ ಟಿಪ್ಪಣಿಗೆ ಜಾಗ ಇದೆ, ದಯವಿಟ್ಟು ಅದನ್ನು ಬಳಸಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾದ ಬ್ರಿಟಿಷ್ ಸೈನ್ಯದ ನಾಯಕ ಯಾರು ಅನ್ನೋ ಕಾರ್ಡ್ ಇದೆ. ಉತ್ತರ ಕಾರ್ನ್‌ವಾಲಿಸ್. ಹುಷಾರಿಲ್ಲ ಅಂತ ಹೇಳಿ ಅವನು ಶರಣಾಗತಿಗೇ ಬರಲಿಲ್ಲ ಅನ್ನೋವರೆಗೆ ವಿವರಣೆ ಇದೆ, ಮುಂದಕ್ಕೆ ಏನೂ ಇಲ್ಲ. ಅದೇ ಮನುಷ್ಯ ಗವರ್ನರ್ ಜನರಲ್ ಆಗಿ ಬಂದು 1791ರಲ್ಲಿ ಬೆಂಗಳೂರು ಕೋಟೆ ಹಿಡಿದದ್ದು, ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ ಕಿತ್ತುಕೊಂಡು ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಟ್ಟುಕೊಂಡದ್ದು, ಎಲ್ಲವನ್ನೂ ನಾನೇ ಅಲ್ಲಿ ಬರೆದಿಟ್ಟಿದ್ದೇನೆ. ಮಗಳು ಈಗ ಆ ಕಾರ್ಡ್ ಬಂದಾಗ ಹಿಂದೆ ತಿರುಗಿಸಿ ಮೊದಲು ಅದನ್ನೇ ಓದುತ್ತಾಳೆ.