ನಾಲ್ಕು ಗಿಡ್ಡ ಹೆಸರು, ಐದು ವರ್ಷದ ಲೆಕ್ಕ

ಬೆಳಗಾವಿಯ ಟಿಳಕವಾಡಿಯಲ್ಲಿ ಕುಳಿತು ಅಂಗಡಿಕಾರರಿಗೂ ಉದ್ಯಮಬಾಗದ ಸಣ್ಣ ಕಾರ್ಖಾನೆಗಳಿಗೂ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕಸುಬು. ಗಿಡ್ಡ ಡೊಮೈನ್ ಹೆಸರನ್ನು, ಅಂದರೆ ವೆಬ್‌ಸೈಟಿನ ವಿಳಾಸವನ್ನು, ಹಿಡಿದಿಟ್ಟವನಿಗೆ ನಷ್ಟವೇ ಇಲ್ಲವೆಂಬ ಮಾತನ್ನು ಈ ಕಸುಬಿನಲ್ಲಿ ಎಷ್ಟು ಸಲ ಕೇಳಿದ್ದೆನೆಂದರೆ, ಕೊನೆಗೆ 2019ರಲ್ಲಿ ಅದನ್ನು ಸ್ವಂತ ದುಡ್ಡಿನಲ್ಲಿಯೇ ಪರೀಕ್ಷಿಸಲು ಹೊರಟೆ. ಅರ್ಥವಿಲ್ಲದ ನಾಲ್ಕು ಅಕ್ಷರಗಳ ಒಂದು ಡಾಟ್ ಕಾಮ್, ಐದು ಅಕ್ಷರಗಳ ಕನ್ನಡ ಪದವೊಂದರ ಡಾಟ್ ಇನ್, ನಾಲ್ಕೇ ಅಕ್ಷರಗಳ ಒಂದು ಡಾಟ್ ಎಕ್ಸ್‌ವೈಜೆಡ್, ಮುಂದೆ 2022ರಲ್ಲಿ ಕನ್ನಡ ಲಿಪಿಯ ಡಾಟ್ ಭಾರತ, ಹೀಗೆ ನಾಲ್ಕು ಹೆಸರುಗಳು ನನ್ನ ಕೈ ಸೇರಿದವು. ಎರಡು ಮಾರಿ ಹೋಗಿವೆ, ಒಂದನ್ನು ಬಿಟ್ಟುಕೊಟ್ಟೆ, ಒಂದು ಇನ್ನೂ ನನ್ನಲ್ಲಿದೆ. ಅವು ಯಾವುವೆಂದು ಇಲ್ಲಿ ಬರೆಯುವುದಿಲ್ಲ. ಕೊಂಡವರಿಗೆ ಅದರಿಂದ ಮುಜುಗರವಾಗಬಾರದು.

ಮೊದಲು ನಾಲ್ಕಕ್ಷರದ ಡಾಟ್ ಕಾಮ್ ವಿಷಯ. ಇಂಗ್ಲಿಷಿನ 26 ಅಕ್ಷರಗಳಿಂದ ಎರಡಕ್ಷರದ ಹೆಸರುಗಳು 676, ಮೂರಕ್ಷರದವು 17,576, ನಾಲ್ಕಕ್ಷರದವು 4,56,976 ಆಗುತ್ತವೆ. ನಾಲ್ಕಕ್ಷರದ ಡಾಟ್ ಕಾಮ್‌ಗಳೆಲ್ಲ 2007ರ ಹೊತ್ತಿಗೇ ಮುಗಿದಿದ್ದರಿಂದ ಹೊಸದಾಗಿ ನೋಂದಾಯಿಸುವ ದಾರಿಯಿರಲಿಲ್ಲ. ಯಾರೋ ನವೀಕರಿಸದೆ ಬಿಟ್ಟದ್ದನ್ನು ಹರಾಜಿನಲ್ಲಿ 212 ಡಾಲರಿಗೆ, ಅಂದರೆ ಆಗಿನ ಸುಮಾರು 15,000 ರೂಪಾಯಿಗೆ ಹಿಡಿದೆ. ಅದರಲ್ಲಿ ಸ್ವರವೂ ಇರಲಿಲ್ಲ, ವಿ ಅಕ್ಷರವೂ ಇರಲಿಲ್ಲ. 2015ರ ಕೊನೆಗೆ ಚೀನಾದ ಹೂಡಿಕೆದಾರರು ಮುಗಿಬಿದ್ದು ಕೊಂಡದ್ದು ಇಂಥವನ್ನೇ. ಉಳಿದ 20 ಅಕ್ಷರಗಳು ಪಿನ್‌ಯಿನ್ (ಚೀನೀ ಭಾಷೆಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ಕ್ರಮ) ಪದಗಳ ಮೊದಲಕ್ಷರಗಳಾಗಿ ಅವರಿಗೆ ಒದಗುತ್ತವೆ, ಹಾಗಾಗಿ ಅವರ ಲೆಕ್ಕಕ್ಕೆ ಬರುತ್ತಿದ್ದ ನಾಲ್ಕಕ್ಷರದ ಹೆಸರುಗಳು 1,60,000 ಮಾತ್ರ. ಆ ಬೆಲೆ 2016ರಲ್ಲಿಯೇ ಇಳಿದಿತ್ತು, ಮತ್ತೆ ಏರೀತೆಂಬ ಆಸೆಯಿಂದ ನಾನು ಕೊಂಡಿದ್ದೆ.

ಬೆಲೆ ಕಟ್ಟುವ ಯಂತ್ರವೊಂದು ಅದಕ್ಕೆ 1,400 ಡಾಲರು ತೋರಿಸಿತು. ನಿಜವಾಗಿ ಬಂದ ಕೇಳಿಕೆಗಳು ಐದು ವರ್ಷದಲ್ಲಿ ಮೂರು: 90, 150, ಕೊನೆಗೆ 2024ರಲ್ಲಿ 340 ಡಾಲರು. ಆ 340ರಲ್ಲಿ ಮಾರಾಟದ ತಾಣದವರು ಶೇಕಡಾ 20ರಷ್ಟು ದಲಾಲಿ ಮುರಿದುಕೊಂಡರು. 272 ಡಾಲರು, ಅಂದರೆ ಸುಮಾರು 22,700 ರೂಪಾಯಿ ಕೈಗೆ ಬಂತು. ಕೊಂಡ ಬೆಲೆಗೆ ಐದು ವರ್ಷದ ನವೀಕರಣದ 5,500 ರೂಪಾಯಿಯನ್ನು ಕೂಡಿಸಿದರೆ ಉಳಿದ ಲಾಭ 2,200. ಅದೇ 15,000ವನ್ನು ನಮ್ಮ ಓಣಿಯ ಪತ್ತಿನ ಸಂಘದಲ್ಲಿ ಠೇವಣಿ ಇಟ್ಟಿದ್ದರೆ ಬಡ್ಡಿಯೇ ಐದಾರು ಸಾವಿರ ಬರುತ್ತಿತ್ತು, ಮೇಲಾಗಿ ದೀಪಾವಳಿಗೊಂದು ಸಿಹಿಯ ಡಬ್ಬಿ.

ನವೀಕರಣದ ಈ ಖರ್ಚನ್ನು ಹೂಡಿಕೆಯ ಮಾತಾಡುವವರು ಸಾಮಾನ್ಯವಾಗಿ ನುಂಗಿಬಿಡುತ್ತಾರೆ. ಡೊಮೈನ್ ಎಂದರೆ ಉತಾರದಲ್ಲಿ ಹೆಸರು ಏರಿದ ಹೊಲವಲ್ಲ. ಅದು ಲಾವಣಿಗೆ, ಅಂದರೆ ಗೇಣಿಗೆ, ಹಿಡಿದ ಹೊಲ. ಒಮ್ಮೆಗೆ ಹೆಚ್ಚೆಂದರೆ ಹತ್ತು ವರ್ಷಕ್ಕೆ ಕಟ್ಟಬಹುದು, ಕಟ್ಟದಿದ್ದರೆ ಕೆಲವು ವಾರಗಳ ವಾಯಿದೆ ಮುಗಿದ ಮೇಲೆ ಅದು ಇನ್ನೊಬ್ಬರ ಪಾಲು. ಡಾಟ್ ಕಾಮ್ ನಡೆಸುವ ವೆರಿಸೈನ್ ಸಂಸ್ಥೆಯ ಸಗಟು ದರವೇ 2024ರ ಸೆಪ್ಟೆಂಬರಿನಲ್ಲಿ ವರ್ಷಕ್ಕೆ 10.26 ಡಾಲರಿಗೆ ಏರಿತು. ಆದರೂ ಅಲ್ಲಿ ಏರಿಕೆಗೆ ಒಪ್ಪಂದದ ಮಿತಿಯೊಂದಿದೆ. 2014ರಿಂದೀಚೆಗೆ ಬಂದ ಹೊಸ ಕೊನೆಗಳಿಗೆ, ಅಂದರೆ ಹೆಸರಿನಲ್ಲಿ ಡಾಟ್ ಆದಮೇಲೆ ಬರುವ ಭಾಗಗಳಿಗೆ, ಅಂಥ ಮಿತಿಯಿಲ್ಲ ಎಂಬುದು ಡಾಟ್ ಎಕ್ಸ್‌ವೈಜೆಡ್‌ನಲ್ಲಿ ನನ್ನ ಅನುಭವಕ್ಕೆ ಬಂತು: ಮೊದಲ ವರ್ಷ 149 ರೂಪಾಯಿ, ಎರಡನೆಯ ವರ್ಷ 1,100ಕ್ಕೂ ಮೇಲೆ. ಗೂಗಲ್‌ನ ಮಾತೃಸಂಸ್ಥೆ 2015ರಲ್ಲಿ ಎಬಿಸಿ ಡಾಟ್ ಎಕ್ಸ್‌ವೈಜೆಡ್ ಬಳಸಿದ್ದರಿಂದ ಈ ಕೊನೆಗೆ ಹೆಸರು ಬಂದದ್ದು ನಿಜವೇ, ಆದರೆ ನನ್ನದನ್ನು ಒಬ್ಬರೂ ಕೇಳಲಿಲ್ಲ. ಎರಡು ವರ್ಷಕ್ಕೆ ಬಿಟ್ಟೆ.

ಡಾಟ್ ಇನ್ ಕತೆಯೇ ಬೇರೆ. 2005ರಲ್ಲಿ ಎಲ್ಲರಿಗೂ ತೆರೆದ ಈ ಕೊನೆಯಲ್ಲಿ ಕೆಲವು ಒಳ್ಳೆಯ ಕನ್ನಡ ಪದಗಳು 2019ರಲ್ಲಿಯೂ ಖಾಲಿ ಇದ್ದವು; ನೇಕಾರಿಕೆಗೆ ಸಂಬಂಧಪಟ್ಟ ಪದವೊಂದನ್ನು 550 ರೂಪಾಯಿಗೆ ನೋಂದಾಯಿಸಿದೆ. ಕನ್ನಡ ಪದವನ್ನು ರೋಮನ್ ಅಕ್ಷರದಲ್ಲಿ ಬರೆದಾಗ ಉದ್ದಕ್ಕಿಂತ ದೊಡ್ಡ ಪ್ರಶ್ನೆ ಕಾಗುಣಿತದ್ದು. ‘ಮಗ್ಗ’ದಲ್ಲಿ ಒಂದು ಜಿ ಬಿಟ್ಟರೆ ‘ಮಗ’ ಆಗುತ್ತದೆ. ‘ಸೀರೆ’ಯನ್ನು ಒಬ್ಬರು ಎರಡು ಇ ಹಾಕಿ ಬರೆದರೆ ಇನ್ನೊಬ್ಬರು ಐ ಹಾಕುತ್ತಾರೆ, ‘ಸಂತೆ’ಗೆ ಟಿ ಮುಂದೆ ಎಚ್ ಬೇಕೋ ಬೇಡವೋ ಎಂಬುದು ಬರೆಯುವವರ ಊರಿನ ಮೇಲೆ ಹೋಗುತ್ತದೆ. ನನ್ನ ಪದದಲ್ಲಿ ದೀರ್ಘವಿರಲಿಲ್ಲ, ಒತ್ತಿರಲಿಲ್ಲ, ಳ-ಲ ಗೊಂದಲವೂ ಇರಲಿಲ್ಲ. ಅದು ನನ್ನ ಜಾಣತನವಲ್ಲ, ಉಳಿದ ಪದಗಳು ಆಗಲೇ ಹೋಗಿದ್ದವು.

2022ರಲ್ಲಿ ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರು ವೆಬ್‌ಸೈಟಿಗೆಂದು ಬಂದಾಗ ನಾಲ್ಕಕ್ಷರದ ಡಾಟ್ ಕಾಮನ್ನೂ ಈ ಡಾಟ್ ಇನ್ನನ್ನೂ ಎರಡು ಚೀಟಿಯಲ್ಲಿ ಬರೆದು ಅವರ ಮುಂದಿಟ್ಟೆ. ಅವರು ಎರಡನ್ನೂ ಎತ್ತಿಕೊಂಡು ಹೊರಗೆ ನಿಂತು ತಮ್ಮ ಅಂಗಡಿಯ ಹುಡುಗನಿಗೆ ಫೋನ್ ಮಾಡಿ, ಒಂದೊಂದನ್ನೂ ಒಂದೇ ಸಲ ಹೇಳಿ, ಬರೆದದ್ದನ್ನು ಓದಿಸಿದರು. ಡಾಟ್ ಕಾಮ್‌ನ ಟಿ ಆ ಕಡೆ ಡಿ ಆಗಿತ್ತು, ಎನ್ ಎಮ್ ಆಗಿತ್ತು. ಡಾಟ್ ಇನ್ ಸರಿಯಾಗಿತ್ತು. “ಸರ, ನಮ್ಮ ಹುಡುಗ ಒಂದ ಸಲ ಹೇಳಿದ್ರ ಸೊಲ್ಲಾಪುರದಾವ್ರು ಬರಕೋಬೇಕ್ರಿ, ಇದನ್ನ ಕೊಡ್ರಿ,” ಎಂದು 18,000 ರೂಪಾಯಿಗೆ ಮಾತು ಮುಗಿಸಿದರು. ಅಲ್ಲಿಯವರೆಗೆ ನನಗೆ ಬಿದ್ದ ಖರ್ಚು 2,000 ರೂಪಾಯಿಯ ಒಳಗೆ, ದಲಾಲಿಯಂತೂ ಇಲ್ಲವೇ ಇಲ್ಲ.

ದೊಡ್ಡ ಮಾರಾಟಗಳನ್ನು ಈಗ ಬೇರೆ ಕಣ್ಣಿನಿಂದ ಓದುತ್ತೇನೆ. ಫೇಸ್‌ಬುಕ್ 2010ರಲ್ಲಿ ಅಮೆರಿಕದ ರೈತ ಸಂಘಟನೆ ಫಾರ್ಮ್ ಬ್ಯೂರೋಗೆ 85 ಲಕ್ಷ ಡಾಲರು ಕೊಟ್ಟು ಎಫ್‌ಬಿ ಡಾಟ್ ಕಾಮ್ ಕೊಂಡದ್ದು ಅದು ಎರಡೇ ಅಕ್ಷರವೆಂದಷ್ಟೇ ಅಲ್ಲ, ಆ ಎರಡಕ್ಷರ ತನ್ನದೇ ಹೆಸರಿನ ಗಿಡ್ಡ ರೂಪವಾದ್ದರಿಂದ. 2019ರಲ್ಲಿ 3 ಕೋಟಿ ಡಾಲರಿಗೆ ಹೋದ ವಾಯ್ಸ್ ಡಾಟ್ ಕಾಮ್‌ಗೆ ಐದು ಅಕ್ಷರ. ಆದರೆ ಅದು ಎಲ್ಲರ ಬಾಯಲ್ಲಿರುವ ಪದ. ನನ್ನ ನಾಲ್ಕಕ್ಷರ ಯಾರ ಬಾಯಲ್ಲೂ ಇರಲಿಲ್ಲ. ಊರಿನ ಹೆಸರನ್ನು ನಂಬಿದವರ ಪಾಡೂ ಗೊತ್ತಿದೆ: 2014ರ ನವೆಂಬರ್ 1ರಂದು ಬೆಳಗಾವಿ, ವಿಜಯಪುರಗಳ ಅಧಿಕೃತ ಕಾಗುಣಿತ ಬದಲಾದಾಗ, ಹಳೆಯ ಕಾಗುಣಿತದ ಹೆಸರು ಹಿಡಿದಿದ್ದ ಪರಿಚಿತರೊಬ್ಬರು ಹೊಸದಕ್ಕೂ ದುಡ್ಡು ಕಟ್ಟಬೇಕಾಯಿತು, ಏಕೆಂದರೆ ಗಿರಾಕಿಗಳು ಎರಡನ್ನೂ ಹುಡುಕುತ್ತಿದ್ದರು.

ಇನ್ನು ಡಾಟ್ ಭಾರತ. ಹೆಸರೂ ಕನ್ನಡ, ಕೊನೆಯೂ ಕನ್ನಡ, ಕಾಗುಣಿತದ ತಕರಾರೇ ಇಲ್ಲ. ಓದಲು ನಾಲ್ಕರಲ್ಲಿ ಇದಕ್ಕಿಂತ ಚಂದದ್ದು ಇನ್ನೊಂದಿರಲಿಲ್ಲ. ಆದರೆ ಒಳಗಿನ ವ್ಯವಸ್ಥೆಗೆ ಈ ಹೆಸರು ಎಕ್ಸ್, ಎನ್ ಮತ್ತು ಎರಡು ಅಡ್ಡಗೆರೆಗಳಿಂದ ಶುರುವಾಗುವ ರೋಮನ್ ಅಕ್ಷರ, ಅಂಕಿಗಳ ಸರಮಾಲೆ. ನಾನು ಕಳಿಸಿದ ಕೊಂಡಿ ಮೊಬೈಲಿನಲ್ಲಿ ಹಾಗೆಯೇ ಕಾಣಿಸಿದಾಗ ಗೋಕಾಕಿನ ಕರದಂಟು ವ್ಯಾಪಾರಿಯೊಬ್ಬರು ಅದನ್ನು ಮೋಸದ ಕೊಂಡಿಯೆಂದು ತಿಳಿದು ಅಳಿಸಿಹಾಕಿದರು. ಈ ಹೆಸರಿನ ಇಮೇಲ್ ವಿಳಾಸವನ್ನು ಎಷ್ಟೋ ಅರ್ಜಿ ನಮೂನೆಗಳು ತಪ್ಪೆಂದು ತಿರಸ್ಕರಿಸುತ್ತವೆ. ಕೊಳ್ಳುವವರ ಪೇಟೆಯಂತೂ ನನಗೆ ಸಿಕ್ಕಿಲ್ಲ, ಆದ್ದರಿಂದ ಇದನ್ನು ಹೂಡಿಕೆಯ ವಹಿಯಿಂದ ತೆಗೆದು ಮನೆಖರ್ಚಿಗೆ ಬರೆದಿದ್ದೇನೆ. ಮುಂದಿನ ತಿಂಗಳು ನವೀಕರಣವಿದೆ, ಕಟ್ಟುವವನಿದ್ದೇನೆ.

ನನ್ನಿಂದ 340 ಡಾಲರಿಗೆ ಹೋದ ನಾಲ್ಕಕ್ಷರವನ್ನು ಮೊನ್ನೆ ಕುತೂಹಲಕ್ಕೆ ತೆರೆದು ನೋಡಿದೆ. ಮಾರಾಟಕ್ಕಿದೆ ಎಂಬ ಫಲಕವೇ ಇದೆ. ಬೆಲೆ 2,800 ಡಾಲರು.